ಐ-ಖಾನುಮ್‌ನ ಬೆಳ್ಳಿ ಫಲಕ, ಗ್ರೀಕ್-ಪಾರಸೀಕ ಮುದ್ರಾರತ್ನಗಳು: ಇವನ್ನು ಮಾಡಿದ ಕೈ ಯಾರದು?

ಚಿತ್ರಭಿತ್ತಿ (ಪ್ರಶ್ನೆ):

ಮಾನ್ಯರೇ, ಪ್ರಾಚೀನ ಬೆಳ್ಳಿಗೆಲಸ ಮತ್ತು ಕೆತ್ತಿದ ರತ್ನಗಳ ಬಗ್ಗೆ ಓದುತ್ತಿರುವಾಗ ಒಂದು ಸಂದೇಹ ಮತ್ತೆ ಮತ್ತೆ ಎದುರಾಗುತ್ತಿದೆ. ಬಲ್ಲವರು ಪರಿಹರಿಸಬೇಕೆಂದು ಕೋರುತ್ತೇನೆ.

ಉತ್ತರ ಅಫ್ಘಾನಿಸ್ತಾನದಲ್ಲಿ, ಆಮೂ ದರಿಯಾ ಮತ್ತು ಕೋಕ್ಚಾ ನದಿಗಳು ಕೂಡುವಲ್ಲಿ ಐ-ಖಾನುಮ್ ಎಂಬ ಗ್ರೀಕ್ ನಗರದ ಅವಶೇಷಗಳಿವೆ. ಪಾಲ್ ಬರ್ನಾರ್ ಅವರ ನೇತೃತ್ವದ ಫ್ರೆಂಚ್ ತಂಡವು 1960ರ ದಶಕದ ಮಧ್ಯಭಾಗದಿಂದ 1978ರವರೆಗೆ ಅಲ್ಲಿ ಉತ್ಖನನ ನಡೆಸಿತು. ಆಗ ದೇವಾಲಯವೊಂದರಲ್ಲಿ ಚಿನ್ನದ ಲೇಪವುಳ್ಳ ದುಂಡನೆಯ ಬೆಳ್ಳಿ ಫಲಕವೊಂದು ದೊರೆಯಿತು. ಅದರ ವ್ಯಾಸ ಸುಮಾರು 25 ಸೆಂಟಿಮೀಟರ್, ಕಾಲ ಕ್ರಿ.ಪೂ. 3ನೆಯ ಶತಮಾನ. ಎರಡು ಸಿಂಹಗಳು ಎಳೆಯುವ ರಥದಲ್ಲಿ ಅನಟೋಲಿಯಾ (ಇಂದಿನ ಟರ್ಕಿ) ಮೂಲದ ಮಾತೃದೇವತೆ ಸಿಬೆಲೆ ನಿಂತಿದ್ದಾಳೆ. ರೆಕ್ಕೆಗಳುಳ್ಳ ವಿಜಯದೇವತೆ ನೈಕಿ ರಥವನ್ನು ನಡೆಸುತ್ತಿದ್ದಾಳೆ. ಹಿಂದೆ ಒಬ್ಬ ಅರ್ಚಕ ದೇವಿಗೆ ಕೊಡೆ ಹಿಡಿದು ಬರುತ್ತಿದ್ದಾನೆ, ಮುಂದೆ ಮೆಟ್ಟಿಲುಗಳುಳ್ಳ ಎತ್ತರದ ಪೀಠದ ಮೇಲೆ ಇನ್ನೊಬ್ಬ ಅರ್ಚಕ ನಿಂತಿದ್ದಾನೆ. ಮೇಲೆ ಆಕಾಶದಲ್ಲಿ ಕಿರಣಗಳ ಕಿರೀಟ ಧರಿಸಿದ ಸೂರ್ಯದೇವನ ಮುಖ, ಪಕ್ಕದಲ್ಲಿ ಬಾಗು ಚಂದ್ರ ಮತ್ತು ಒಂದು ನಕ್ಷತ್ರ ಇವೆ.

ನೈಕಿಯೂ ಸೂರ್ಯನೂ ಗ್ರೀಕ್ ಮೂಲದವರೆಂದು ನೋಡಿದೊಡನೆ ತಿಳಿಯುತ್ತದೆ, ಆದರೆ ಕೊಡೆಯೂ ಮೆಟ್ಟಿಲ ಪೀಠವೂ ಪಶ್ಚಿಮ ಏಷ್ಯಾದವು. ರಥಕ್ಕೆ ಆಳವೇ ಇಲ್ಲ, ಎಲ್ಲವೂ ಒಂದೇ ಸಮತಲದಲ್ಲಿ ಹರಡಿದಂತಿದೆ. ಇಂತಹ ವಸ್ತುವನ್ನು ಕಂಡಾಗ ಕೆಲವರು, ಗ್ರೀಕ್ ಕಲಾವಿದನೊಬ್ಬ ಪೂರ್ವದೇಶದ ಧಣಿಯ ಅಭಿರುಚಿಗೆ ತಕ್ಕಂತೆ ಮಾಡಿದ್ದಾನೆ ಎನ್ನುತ್ತಾರೆ. ಮತ್ತೆ ಕೆಲವರು, ಸ್ಥಳೀಯ ಕುಶಲಕರ್ಮಿ ಗ್ರೀಕ್ ಮಾದರಿಯನ್ನು ನೋಡಿಕೊಂಡು ಮಾಡಿದ್ದಾನೆ ಎನ್ನುತ್ತಾರೆ. ಅನಟೋಲಿಯಾದಲ್ಲಿ ದೊರೆಯುವ ಗ್ರೀಕ್-ಪಾರಸೀಕ ಶೈಲಿಯ ಮುದ್ರಾರತ್ನಗಳ (ಮುದ್ರೆಯೊತ್ತಲು ಕೆತ್ತಿದ ಕಲ್ಲುಗಳ) ಬಗ್ಗೆಯೂ ಇದೇ ವಾದವಿದೆ. ಈ ಎರಡರಲ್ಲಿ ಯಾವುದು ಸರಿ ಎಂದು ಹೇಳಲು ವಸ್ತುವಿನಲ್ಲೇ ಆಧಾರ ಸಿಗುತ್ತದೆಯೇ, ಅಥವಾ ಇದು ಕೇವಲ ನೋಡುವವರ ಒಲವಿನ ವಿಷಯವೇ?

ಲೋಹಶಿಲ್ಪ (ಉತ್ತರ):

ಚಿತ್ರಭಿತ್ತಿಯವರೇ, ನೀವು ಮುಂದಿಟ್ಟ ಎರಡು ಉತ್ತರಗಳೂ ಒಂದು ಮಾತನ್ನು ಪರೀಕ್ಷಿಸದೆ ಒಪ್ಪಿಕೊಂಡಿವೆ. ಕಲಾವಿದನ ತಲೆಯಲ್ಲಿದ್ದ ಚಿತ್ರ ಅವನ ಹುಟ್ಟೂರಿನಿಂದಲೇ ಬಂದಿರಬೇಕು ಎಂಬುದು ಆ ಮಾತು. ಬೆಳ್ಳಿಗೆಲಸದ ಮಟ್ಟಿಗೆ ಇದು ನಿಲ್ಲುವುದಿಲ್ಲ ಎಂಬುದಕ್ಕೆ ಬೆಗ್ರಾಮ್ ಒಳ್ಳೆಯ ಸಾಕ್ಷಿ.

ಕಾಬೂಲಿನ ಉತ್ತರಕ್ಕಿರುವ ಬೆಗ್ರಾಮ್‌ನಲ್ಲಿ 1930ರ ದಶಕದ ಕೊನೆಯಲ್ಲಿ ಜೋಸೆಫ್ ಹ್ಯಾಕಿನ್ ಅವರ ತಂಡವು, ಬಾಗಿಲನ್ನು ಗೋಡೆಯಿಂದ ಮುಚ್ಚಿದ್ದ ಎರಡು ಕೋಣೆಗಳನ್ನು ತೆರೆಯಿತು. ಭಾರತದ ದಂತದ ಕೆತ್ತನೆಗಳು, ರೋಮನ್ ಸಾಮ್ರಾಜ್ಯದ ಗಾಜಿನ ಪಾತ್ರೆಗಳು, ಚೀನಾದ ಅರಗುಲೇಪದ ವಸ್ತುಗಳು ಒಟ್ಟಿಗೇ ಸಿಕ್ಕವು. ಇವುಗಳ ನಡುವೆ ಅಷ್ಟಾಗಿ ಕಣ್ಣಿಗೆ ಬೀಳದ, ಆದರೆ ನಮ್ಮ ಚರ್ಚೆಗೆ ಎಲ್ಲಕ್ಕಿಂತ ಮುಖ್ಯವಾದ ಹಲವಾರು ಪ್ಲಾಸ್ಟರ್ ಬಿಲ್ಲೆಗಳಿದ್ದವು. ಒಂದರಲ್ಲಿ ಗ್ರೀಕ್ ಪುರಾಣದ, ಮಲಗಿರುವ ಎಂಡಿಮಿಯನ್ ಇದ್ದಾನೆ, ಇನ್ನೊಂದರಲ್ಲಿ ಹದ್ದಿನೊಂದಿಗೆ ಗ್ಯಾನಿಮೀಡ್ ಇದ್ದಾನೆ. ಇವು ಗ್ರೀಕ್ ಬೆಳ್ಳಿ ಪಾತ್ರೆಗಳ ನಡುವೆ ಕೂರಿಸುತ್ತಿದ್ದ ಉಬ್ಬುಚಿತ್ರಗಳಿಂದ ನೇರವಾಗಿ ತೆಗೆದ ಅಚ್ಚುಗಳು. ಈಜಿಪ್ಟಿನ ಮೆಂಫಿಸ್ ಬಳಿಯ ಮಿತ್ ರಹೀನಾದಲ್ಲೂ ಇಂತಹವೇ ಪ್ಲಾಸ್ಟರ್ ಅಚ್ಚುಗಳು ಸಿಕ್ಕಿವೆ. ಅಂದರೆ ಮೂಲ ಪಾತ್ರೆ ಒಬ್ಬ ಶ್ರೀಮಂತನ ಮನೆಯಲ್ಲಿ ಭದ್ರವಾಗಿದ್ದರೂ ಅದರ ಚಿತ್ರ ಕಡಿಮೆ ಖರ್ಚಿನಲ್ಲಿ ನೈಲ್ ನದಿಯಿಂದ ಹಿಂದೂಕುಶ್‌ವರೆಗೆ ಸಾಗಬಹುದಾಗಿತ್ತು.

ಇನ್ನು ಕೆಲಸದ ರೀತಿಯನ್ನು ಗಮನಿಸಿ. ಬೆಳ್ಳಿ ತಗಡನ್ನು ಮೆತ್ತನೆಯ ರಾಳದ ಹಾಸಿನ ಮೇಲೆ ಮಗುಚಿ ಹಾಕಿ, ಹಿಂಬದಿಯಿಂದ ಮೊಂಡುಮೊನೆಯ ಉಳಿಗಳಿಂದ ಬಡಿದು ಆಕೃತಿಯನ್ನು ಉಬ್ಬಿಸುತ್ತಾರೆ. ಆಮೇಲೆ ತಗಡನ್ನು ತಿರುಗಿಸಿ, ಕೂದಲು, ಬಟ್ಟೆಯ ನೆರಿಗೆ, ಕಣ್ಣುರೆಪ್ಪೆ ಮುಂತಾದ ಸೂಕ್ಷ್ಮಗಳನ್ನು ಮುಂಬದಿಯಿಂದ ತಿದ್ದುತ್ತಾರೆ. ಬಡಿದಷ್ಟೂ ಬೆಳ್ಳಿ ಗಡುಸಾಗಿ ಬಿರಿಯುವ ಸ್ಥಿತಿಗೆ ಬರುವುದರಿಂದ ನಡುನಡುವೆ ಕಾಸಿ ಹದಗೊಳಿಸಬೇಕು. ಈ ವಿದ್ಯೆ ಇರಾನ್, ಅನಟೋಲಿಯಾ ಮತ್ತು ಗ್ರೀಸ್ ಮೂರಕ್ಕೂ ಅಲೆಕ್ಸಾಂಡರ್ ಹುಟ್ಟುವ ಮೊದಲೇ ಗೊತ್ತಿತ್ತು. ಆದ್ದರಿಂದ ತಂತ್ರವನ್ನು ನೋಡಿ ಮಾಡಿದವನ ಜನಾಂಗವನ್ನು ಊಹಿಸಲಾಗದು. ಚಿತ್ರವನ್ನು ನೋಡಿಯೂ ಊಹಿಸಲಾಗದು, ಏಕೆಂದರೆ ಅದು ಅಚ್ಚಿನ ಮೂಲಕ ಬಂದಿರಬಹುದು. ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಚಿತ್ರ ಯಾವ ದಾರಿಯಿಂದ ಬಂತು, ಅದನ್ನು ಯಾರು ಬಯಸಿದರು? ನನ್ನ ಅಭಿಪ್ರಾಯದಲ್ಲಿ ಇವಕ್ಕೆ ಮಾತ್ರ ವಸ್ತುವಿನಿಂದ ಉತ್ತರ ಸಿಗುತ್ತದೆ.

ಮುದ್ರೆಯುಂಗುರ (ಉತ್ತರ):

ಲೋಹಶಿಲ್ಪ ಅವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ರತ್ನಗಳ ವಿಷಯದಲ್ಲಿ ಇನ್ನೂ ಸ್ವಲ್ಪ ಮುಂದೆ ಹೋಗಲು ಸಾಧ್ಯವಿದೆ. ಕಾರಣ ಸರಳವಾದದ್ದು. ಮುದ್ರಾರತ್ನ ತನ್ನ ಗುರುತನ್ನು ಜೇಡಿಮಣ್ಣಿನ ಮೇಲೆ ಬಿಟ್ಟುಹೋಗುತ್ತದೆ, ಆ ಮಣ್ಣಿನ ಮುದ್ರೆ ಒಂದು ದಾಖಲೆಗೆ ಅಂಟಿಕೊಂಡಿರುತ್ತದೆ, ದಾಖಲೆಗೆ ಊರೂ ಕಾಲವೂ ಇರುತ್ತವೆ. ಬೆಳ್ಳಿ ಬಟ್ಟಲಿಗೆ ಈ ಸೌಲಭ್ಯವಿಲ್ಲ.

ಮೊದಲು ರತ್ನಗಳನ್ನೇ ನೋಡೋಣ. ಗ್ರೀಕ್-ಪಾರಸೀಕ ಎಂದು ಕರೆಯುವ ಇವು ಮುಖ್ಯವಾಗಿ ಕ್ರಿ.ಪೂ. 5 ಮತ್ತು 4ನೆಯ ಶತಮಾನಗಳವು, ಪಾರಸೀಕರ ಅಕೀಮೆನಿಡ್ ಸಾಮ್ರಾಜ್ಯದ ಪಶ್ಚಿಮ ಪ್ರಾಂತಗಳಲ್ಲಿ ಬಳಕೆಯಲ್ಲಿದ್ದವು. ಕಲ್ಲು ಹೆಚ್ಚಾಗಿ ನಸುನೀಲಿ ಛಾಯೆಯ ಕ್ಯಾಲ್ಸೆಡನಿ. ಒಂದು ಬದಿ ಚಪ್ಪಟೆಯಾಗಿ, ಇನ್ನೊಂದು ಬದಿ ಜೀರುಂಡೆಯ ಬೆನ್ನಿನಂತೆ ಉಬ್ಬಿರುತ್ತದೆ. ಕೆತ್ತನೆಯ ವಸ್ತು ಎಂದರೆ ಬೇಟೆಯಾಡುವ ಪಾರಸೀಕ ಸವಾರ, ನೀಳಜಡೆಯ ಹೆಂಗಸು ಕೈಯಲ್ಲಿ ಹೂ ಅಥವಾ ಸುಗಂಧದ ಕುಪ್ಪಿ ಹಿಡಿದು ನಿಂತಿರುವುದು, ನಾಲ್ಕೂ ಕಾಲುಗಳನ್ನು ಚಾಚಿ ಗಾಳಿಯಲ್ಲಿ ತೇಲುವಂತೆ ಓಡುವ ಜಿಂಕೆ ಅಥವಾ ನರಿ. ಉಡುಪು, ಟೊಪ್ಪಿಗೆ, ಕುದುರೆಯ ಬಾಲವನ್ನು ಗಂಟು ಹಾಕಿದ ರೀತಿ ಎಲ್ಲವೂ ಪಾರಸೀಕ. ಆದರೆ ಬಟ್ಟೆಯೊಳಗೆ ದೇಹವಿದೆ ಎಂದು ತೋರಿಸುವ ಕ್ರಮ, ಮುಕ್ಕಾಲು ಬದಿಗೆ ತಿರುಗಿದ ಭುಜ ಇವು ಗ್ರೀಕ್ ಕೆತ್ತನೆಯಲ್ಲಿ ಬೆಳೆದು ಬಂದವು. ಇದಕ್ಕೆ ವಿರುದ್ಧವಾದ ಒಂದು ಲಕ್ಷಣವೂ ಇದೆ. ಅದೇ ಕಾಲದ ಗ್ರೀಕ್ ರತ್ನಗಳಲ್ಲಿ ಸುತ್ತಲೂ ಗೀಟುಗಳ ಅಂಚುಪಟ್ಟಿ ಕೊರೆಯುವುದು ವಾಡಿಕೆ. ಈ ರತ್ನಗಳಲ್ಲಿ ಹೆಚ್ಚಿನವಕ್ಕೆ ಅಂಚೇ ಇಲ್ಲ, ಅನೇಕ ಸಲ ಕಾಲ ಕೆಳಗೆ ನೆಲದ ಗೆರೆಯೂ ಇಲ್ಲ. ಆಕೃತಿ ಖಾಲಿ ಜಾಗದಲ್ಲಿ ನಿಂತಿದೆ. ಗ್ರೀಕ್ ಕಾರ್ಖಾನೆಯಲ್ಲಿ ತರಬೇತಾದವನು ಅಂಚನ್ನು ಸುಮ್ಮನೆ ಮರೆಯುವುದಿಲ್ಲ. ಬೇಡವೆಂದು ಬಿಟ್ಟಿದ್ದಾನೆ, ಇಲ್ಲವೇ ಅದು ಅವನ ಅಭ್ಯಾಸವೇ ಆಗಿರಲಿಲ್ಲ.

ಈಗ ಮಣ್ಣಿನ ಮುದ್ರೆಗಳ ವಿಷಯ. ವಾಯವ್ಯ ಅನಟೋಲಿಯಾದ ಡಾಸ್ಕಿಲಿಯನ್ ಪಾರಸೀಕ ಪ್ರಾಂತಾಧಿಪತಿಯ ಕೇಂದ್ರವಾಗಿತ್ತು. ಅಲ್ಲಿ 1950ರ ದಶಕದ ಉತ್ಖನನದಲ್ಲಿ ನೂರಾರು ಮಣ್ಣಿನ ಮುದ್ರೆಗಳು ಸಿಕ್ಕವು. ಅವುಗಳಲ್ಲಿ ಪಾರಸೀಕ ಆಸ್ಥಾನದ ಕಟ್ಟುನಿಟ್ಟಾದ ಶೈಲಿಯೂ ಇದೆ, ಅಪ್ಪಟ ಗ್ರೀಕ್ ಶೈಲಿಯೂ ಇದೆ, ಎರಡೂ ಬೆರೆತದ್ದೂ ಇದೆ. ಒಂದೇ ಕಚೇರಿಯ ಕಾಗದಪತ್ರಗಳಿಗೆ ಇವೆಲ್ಲ ಬಳಕೆಯಾಗಿವೆ. ಇನ್ನೂ ಸ್ಪಷ್ಟವಾದ ಉದಾಹರಣೆ ಜೋರ್ಡಾನ್ ಕಣಿವೆಯ ಪಶ್ಚಿಮಕ್ಕಿರುವ ವಾದಿ ದಾಲಿಯೇ ಗುಹೆಯದು. ಅಲ್ಲಿ 1962ರಲ್ಲಿ ದೊರೆತದ್ದು ಪ್ಯಾಲೆಸ್ಟೀನಿನ ಸಮಾರ್ಯ ನಗರದ ಶ್ರೀಮಂತರ ಅರಮಾಯಿಕ್ ಭಾಷೆಯ ಪತ್ರಗಳು, ಅವುಗಳಲ್ಲಿ ಗುಲಾಮರ ಮಾರಾಟದ ಕರಾರುಗಳು ಹಲವು. ಕಾಲ ಅಲೆಕ್ಸಾಂಡರ್ ಬರುವುದಕ್ಕೆ ಮುಂಚಿನ ದಶಕಗಳು. ಆ ಪತ್ರಗಳಿಗೆ ಒತ್ತಿದ ಮುದ್ರೆಗಳಲ್ಲಿ ಪ್ರಾಣಿಯೊಡನೆ ಸೆಣಸುವ ಪಾರಸೀಕ ವೀರನ ಪಕ್ಕದಲ್ಲೇ ಗ್ರೀಕ್ ಶೈಲಿಯ ನಗ್ನ ಯುವಕರೂ ಇದ್ದಾರೆ. ಬಳಸಿದವರು ಗ್ರೀಕರಲ್ಲ, ಪಾರಸೀಕರೂ ಅಲ್ಲ. ಹಾಗಾದರೆ ಶೈಲಿಯಿಂದ ಜನಾಂಗವನ್ನು ಓದುವ ಅಭ್ಯಾಸ ಎಷ್ಟು ದುರ್ಬಲವಾದುದೆಂದು ಯೋಚಿಸಿ.

ಮಾಡಿದವರ ವಿಷಯದಲ್ಲೂ ಒಂದು ಲಿಖಿತ ಸಾಕ್ಷಿಯಿದೆ. ಸೂಸಾದಲ್ಲಿ ತನ್ನ ಅರಮನೆ ಕಟ್ಟಿಸಿದ ಬಗ್ಗೆ ಪಾರಸೀಕ ದೊರೆ ಒಂದನೆಯ ಡೇರಿಯಸ್ ಬರೆಸಿದ ಶಾಸನವು ಸಾಮಗ್ರಿ ಎಲ್ಲಿಂದ ಬಂತು, ಕೆಲಸ ಯಾರು ಮಾಡಿದರು ಎಂಬುದನ್ನು ಹೆಸರಿಸುತ್ತದೆ. ಚಿನ್ನ ಪಶ್ಚಿಮ ಅನಟೋಲಿಯಾದ ಸಾರ್ಡಿಸ್ ಮತ್ತು ಇಂದಿನ ಉತ್ತರ ಅಫ್ಘಾನಿಸ್ತಾನದ ಸೀಮೆಯಾದ ಬ್ಯಾಕ್ಟ್ರಿಯಾದಿಂದ, ನೀಲಿಯ ಲಾಪಿಸ್ ಮತ್ತು ಕೆಂಪು ಕಾರ್ನೀಲಿಯನ್ ಕಲ್ಲುಗಳು ಅದರ ಉತ್ತರದ ಸೋಗ್ಡಿಯಾದಿಂದ, ಬೆಳ್ಳಿ ಈಜಿಪ್ಟಿನಿಂದ ಬಂದವು. ಕಲ್ಲುಕುಟಿಗರು ಅಯೋನಿಯನ್ನರು (ಅನಟೋಲಿಯಾ ಕರಾವಳಿಯ ಗ್ರೀಕರು) ಮತ್ತು ಸಾರ್ಡಿಸ್‌ನವರು, ಚಿನ್ನದ ಕೆಲಸದವರು ಇರಾನಿನ ಮೀಡರು ಮತ್ತು ಈಜಿಪ್ಟಿನವರು. ಒಂದೇ ಕಟ್ಟಡದಲ್ಲಿ ಇಷ್ಟು ಕೈಗಳು ಒಟ್ಟಿಗೆ ದುಡಿದಿದ್ದರೆ, ಅಕ್ಕಪಕ್ಕದಲ್ಲಿ ಕುಳಿತವರು ಒಬ್ಬರಿಂದೊಬ್ಬರು ಕಲಿಯದೆ ಇರುತ್ತಿದ್ದರೆ ಅದೇ ಅಚ್ಚರಿ.

ನಾಣ್ಯಪೇಟಿಕೆ (ಉತ್ತರ):

ಇಬ್ಬರೂ ಹಿರಿಯರ ಮಾತಿಗೆ ನನ್ನದೊಂದು ಆಕ್ಷೇಪವಿದೆ. ಮಾಡಿದವನನ್ನು ಗುರುತಿಸಲು ಸಾಧ್ಯವೇ ಇಲ್ಲವೆಂದು ಕೈಬಿಡುವುದು ಅವಸರದ ತೀರ್ಮಾನ. ಕೌಶಲ ಅವನನ್ನು ಬಚ್ಚಿಡಬಹುದು, ಆದರೆ ತಪ್ಪು ಬಚ್ಚಿಡುವುದಿಲ್ಲ.

ಅದೇ ಐ-ಖಾನುಮ್‌ನಲ್ಲಿ 1970ರಲ್ಲಿ ನೂರಾರು ಭಾರತೀಯ ಮುದ್ರಾಂಕಿತ ನಾಣ್ಯಗಳೊಂದಿಗೆ ಅಗಾಥೋಕ್ಲಿಸ್ ಎಂಬ ಗ್ರೀಕ್ ಅರಸನ ಆರು ಬೆಳ್ಳಿ ನಾಣ್ಯಗಳು ದೊರೆತವು. ಕಾಲ ಸುಮಾರು ಕ್ರಿ.ಪೂ. 190ರಿಂದ 180. ಆಕಾರ ಗ್ರೀಕರ ದುಂಡು ಆಕಾರವಲ್ಲ, ಭಾರತೀಯ ರೂಢಿಯ ಚೌಕಾಕಾರ. ಒಂದು ಮುಖದಲ್ಲಿ ನೇಗಿಲು ಮತ್ತು ಒನಕೆ ಹಿಡಿದ ಸಂಕರ್ಷಣನಿದ್ದಾನೆ (ಬಲರಾಮ), ಅರಸನ ಹೆಸರು ಗ್ರೀಕ್ ಲಿಪಿಯಲ್ಲಿದೆ. ಇನ್ನೊಂದು ಮುಖದಲ್ಲಿ ಶಂಖಚಕ್ರಧಾರಿಯಾದ ವಾಸುದೇವನಿದ್ದಾನೆ, ಅದೇ ಹೆಸರು ಬ್ರಾಹ್ಮೀ ಲಿಪಿಯಲ್ಲಿದೆ. ಇವು ವಾಸುದೇವ-ಸಂಕರ್ಷಣರ ನಮಗೆ ತಿಳಿದಿರುವ ಅತ್ಯಂತ ಹಳೆಯ ಚಿತ್ರಗಳಲ್ಲಿ ಸೇರುತ್ತವೆ.

ಇಲ್ಲಿ ಹತ್ತಿರದಿಂದ ನೋಡಬೇಕಾದದ್ದು ಎರಡು ವಿವರ. ದೇವರ ತಲೆಯ ಮೇಲೆ ಕೊಡೆಯಂತಹ ವಿಚಿತ್ರ ಶಿರೋಭೂಷಣವಿದೆ. ಮೂಲ ವಿಗ್ರಹದಲ್ಲಿ ತಲೆಯ ಹಿಂದಿನ ಕೋಲಿನ ಮೇಲೆ ನಿಂತಿದ್ದ ಛತ್ರವನ್ನು ಅಚ್ಚು ಕೊರೆದವನು ಟೊಪ್ಪಿಗೆಯೆಂದೇ ಭಾವಿಸಿ ತಲೆಗೆ ತೊಡಿಸಿಬಿಟ್ಟಿದ್ದಾನೆ ಎಂದು ನಾಣ್ಯತಜ್ಞರು ವಿವರಿಸುತ್ತಾರೆ. ವಾಸುದೇವನ ಕೈಯಲ್ಲಿರುವ ಶಂಖವೂ ಉದ್ದ ಕತ್ತಿನ ಹೂಜಿಯಂತೆ ಕಾಣುತ್ತದೆ. ಛತ್ರವನ್ನೂ ಶಂಖವನ್ನೂ ಬಾಲ್ಯದಿಂದ ನೋಡುತ್ತ ಬೆಳೆದವನ ಕೈ ಹೀಗೆ ಎಡವುವುದು ಕಷ್ಟ. ಕೊರೆದವನು ಗ್ರೀಕ್ ಪದ್ಧತಿಯಲ್ಲಿ ಪಳಗಿದವನು, ಅವನ ಮುಂದೆ ಭಾರತೀಯ ವಿಗ್ರಹ ಅಥವಾ ಚಿತ್ರವಿತ್ತು, ಅದರ ಅರ್ಥ ಅವನಿಗೆ ಪೂರ್ತಿ ತಿಳಿದಿರಲಿಲ್ಲ. ಇಷ್ಟನ್ನು ನಾನು ಧೈರ್ಯವಾಗಿ ಹೇಳುತ್ತೇನೆ.

ಜೊತೆಗೆ ಒಂದು ಎಚ್ಚರಿಕೆ. ಬ್ಯಾಕ್ಟ್ರಿಯಾದ್ದೆಂದು ಹೇಳಿ ಇಂದು ಮಾರುಕಟ್ಟೆಯಲ್ಲಿ ಓಡಾಡುವ ಬೆಳ್ಳಿ ಬಟ್ಟಲುಗಳಲ್ಲಿ ಅನೇಕವು ಯಾವ ಮಣ್ಣಿನಿಂದ ಎದ್ದು ಬಂದವು ಎಂಬ ದಾಖಲೆಯೇ ಇಲ್ಲ. ಐ-ಖಾನುಮ್ ನೆಲೆಯನ್ನೇ ಯುದ್ಧದ ವರ್ಷಗಳಲ್ಲಿ ಕಳ್ಳರು ಗುಂಡಿಗಳಿಂದ ತೂತುಬೀಳಿಸಿದ್ದಾರೆ, ಕಾಬೂಲಿನ ವಸ್ತುಸಂಗ್ರಹಾಲಯ 1990ರ ದಶಕದಲ್ಲಿ ಲೂಟಿಯಾಗಿದೆ. ಹುಟ್ಟು ಗೊತ್ತಿಲ್ಲದ ಬಟ್ಟಲಿನ ಮೇಲೆ ಶೈಲಿಯ ಸಿದ್ಧಾಂತ ಕಟ್ಟುವುದೂ, ಆ ಸಿದ್ಧಾಂತದಿಂದಲೇ ಬಟ್ಟಲಿಗೆ ಬೆಲೆ ಕಟ್ಟುವುದೂ ಒಂದೇ ಬಲೆಯ ಎರಡು ತುದಿಗಳು. ಈ ಚರ್ಚೆಯನ್ನಾದರೂ ಉತ್ಖನನದಲ್ಲಿ ಸಿಕ್ಕ ವಸ್ತುಗಳಿಗೆ ಸೀಮಿತಗೊಳಿಸೋಣ.

ಚಿತ್ರಭಿತ್ತಿ (ಮರುಪ್ರಶ್ನೆ):

ಮೂವರಿಗೂ ಧನ್ಯವಾದಗಳು. ನಾಣ್ಯಪೇಟಿಕೆಯವರು ತೋರಿಸಿದ ತಪ್ಪಿನ ಪರೀಕ್ಷೆಯನ್ನು ನನ್ನ ಬೆಳ್ಳಿ ಫಲಕಕ್ಕೂ ಅನ್ವಯಿಸಬಹುದೇ? ಅಲ್ಲಿ ಕೊಡೆ ಕೊಡೆಯಾಗಿಯೇ ಇದೆ, ಹಿಡಿದವನ ಕೈಯಲ್ಲಿ ಸರಿಯಾಗಿ ಕೂತಿದೆ. ಇನ್ನೊಂದು ಸಂದೇಹವೂ ಇದೆ. ಈವರೆಗಿನ ಮಾತಿನಲ್ಲಿ ಗ್ರೀಕ್ ರೂಪ ಪೂರ್ವಕ್ಕೆ ಹೋದದ್ದೇ ಹೆಚ್ಚಾಗಿ ಕೇಳಿಸುತ್ತಿದೆ. ಎದುರು ದಿಕ್ಕಿನಲ್ಲಿ ಏನೂ ಸಾಗಲಿಲ್ಲವೇ?

ಲೋಹಶಿಲ್ಪ (ಉತ್ತರ):

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಸುಲಭ. ಧಾರಾಳವಾಗಿ ಸಾಗಿದೆ, ಮತ್ತು ಅದು ಅಲೆಕ್ಸಾಂಡರನಿಗಿಂತ ಬಹಳ ಹಿಂದಿನ ಕಥೆ. ಅಕೀಮೆನಿಡ್ ಅರಸರ ಊಟದ ಮನೆಯಲ್ಲಿ ಅಗಲಬಾಯಿಯ, ಹಿಡಿಯಿಲ್ಲದ ಬೆಳ್ಳಿ ಬಟ್ಟಲುಗಳಿದ್ದವು. ಅವುಗಳ ಮೈಯಲ್ಲಿ ಕಮಲದ ಎಸಳಿನಂತಹ ಉಬ್ಬುಗಳು ಸುತ್ತಲೂ ಹರಡಿರುತ್ತಿದ್ದವು. ಕ್ರಿ.ಪೂ. 479ರಲ್ಲಿ ಗ್ರೀಸಿನ ಪ್ಲಟೀಯದ ಯುದ್ಧದಲ್ಲಿ ಪಾರಸೀಕ ಸೇನಾಪತಿ ಮಾರ್ಡೋನಿಯಸ್ ಸತ್ತ ಮೇಲೆ ಅವನ ಬೀಡಿನಲ್ಲಿ ಗ್ರೀಕರ ಕೈಸೇರಿದ ಚಿನ್ನ-ಬೆಳ್ಳಿಯ ಪಾತ್ರೆಗಳ ರಾಶಿಯನ್ನು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ವರ್ಣಿಸಿದ್ದಾನೆ. ಮುಂದೆ ಅಥೆನ್ಸಿನ ಕುಂಬಾರರು ಈ ಪಾರಸೀಕ ಬಟ್ಟಲಿನ ಆಕಾರವನ್ನೂ ಗೀರುಗಳನ್ನೂ ಕಪ್ಪು ಹೊಳಪಿನ ಮಣ್ಣಿನಲ್ಲಿ ಅನುಕರಿಸಿದರು. ಶತ್ರುವಿನ ಬೆಳ್ಳಿಯನ್ನು ಕೊಳ್ಳಲಾರದವನು ಮಣ್ಣಿನಲ್ಲಿ ಆ ಠೀವಿಯನ್ನು ಕೊಂಡ.

ಬಲ್ಗೇರಿಯಾದ ರೋಗೊಜೆನ್ ಎಂಬ ಹಳ್ಳಿಯಲ್ಲಿ 1985-86ರಲ್ಲಿ ಸಿಕ್ಕ 165 ಬೆಳ್ಳಿ ಪಾತ್ರೆಗಳ ನಿಧಿಯಲ್ಲಿ ಇಂತಹ ಬಟ್ಟಲುಗಳೇ 108 ಇವೆ. ಒಂದರ ನಡುವೆ ಹೆರಾಕ್ಲಿಸ್ ಮತ್ತು ಔಗೆಯ ಗ್ರೀಕ್ ಕಥೆಯ ಚಿತ್ರವಿದೆ, ಹಲವು ಪಾತ್ರೆಗಳ ಮೇಲೆ ಥ್ರೇಸಿನ (ಇಂದಿನ ಬಲ್ಗೇರಿಯಾ ಸುತ್ತಲ ನಾಡು) ಅರಸ ಕೋಟಿಸ್‌ನ ಹೆಸರು ಗ್ರೀಕ್ ಲಿಪಿಯಲ್ಲಿದೆ. ಪಾರಸೀಕ ಆಕಾರ, ಗ್ರೀಕ್ ಕಥೆ, ಥ್ರೇಸಿನ ಒಡೆಯ.

ಇನ್ನು ನಿಮ್ಮ ಫಲಕ. ಕೊಡೆ ಸರಿಯಾಗಿದೆ ಎಂಬ ನಿಮ್ಮ ಗಮನಿಕೆ ಬೆಲೆಯುಳ್ಳದ್ದು. ಕೊಡೆ, ಮೆಟ್ಟಿಲ ಪೀಠ, ಅರ್ಚಕರ ನಡೆ ಇವು ಆ ಕಲಾವಿದನಿಗೆ ಕಂಡು ಗೊತ್ತಿದ್ದ ಪೂಜಾವಿಧಿಯಂತೆ ತೋರುತ್ತವೆ. ನೈಕಿಯ ಆಕೃತಿಯೂ ತೊಡಕಿಲ್ಲದೆ ಬಂದಿದೆ. ತೊಡಕಿರುವುದು ಇವೆಲ್ಲವನ್ನೂ ಒಂದೇ ದೃಶ್ಯದಲ್ಲಿ ಹೊಂದಿಸುವಾಗ: ಸಿಂಹಗಳೂ ರಥವೂ ಪಕ್ಕದಿಂದ ಕಾಣುತ್ತವೆ, ದೇವಿ ನಮ್ಮತ್ತ ಮುಖ ಮಾಡಿದ್ದಾಳೆ. ಇದು ತಿಳಿಯದೆ ಮಾಡಿದ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಪೂಜೆಯ ವಸ್ತುವಿನಲ್ಲಿ ದೇವರು ಭಕ್ತನನ್ನು ನೋಡಬೇಕು ಎಂಬ ಒತ್ತಡ ದೃಷ್ಟಿಕೋನದ ನಿಯಮಕ್ಕಿಂತ ಬಲವಾದದ್ದು. ಫಲಕ ದೊರೆತ ದೇವಾಲಯವೂ ಇಂತಹುದೇ. ಅದರ ಕಟ್ಟಡದ ವಿನ್ಯಾಸ ಮೆಸೊಪೊಟೇಮಿಯಾದ್ದು, ಹೊರಗೋಡೆಯಲ್ಲಿ ಒಳಸರಿದ ಗೂಡುಗಳಿವೆ. ಆದರೆ ಗರ್ಭಗೃಹದ ಬೃಹತ್ ಮೂರ್ತಿಯಲ್ಲಿ ಉಳಿದಿರುವ ಅಮೃತಶಿಲೆಯ ಪಾದಕ್ಕೆ ಗ್ರೀಕ್ ಚಪ್ಪಲಿಯಿದೆ, ಆ ಚಪ್ಪಲಿಯ ಮೇಲೆ ಜ್ಯೂಸ್‌ನ ವಜ್ರಾಯುಧ ಕೆತ್ತಲಾಗಿದೆ.

ತಕ್ಷಶಿಲೆಯ ಸಿರ್ಕಪ್ ಬಗ್ಗೆಯೂ ಒಂದು ಮಾತು. ಸರ್ ಜಾನ್ ಮಾರ್ಷಲ್ 1913ರಿಂದ 1934ರವರೆಗೆ ನಡೆಸಿದ ತಕ್ಷಶಿಲೆಯ ಉತ್ಖನನದಲ್ಲಿ ಪಾನಪಾತ್ರೆ ಹಿಡಿದ, ಗಡ್ಡಧಾರಿಯಾದ ಗ್ರೀಕ್ ಮದ್ಯದೇವತೆ ಡಯೊನಿಸಸ್‌ನ ಬೆಳ್ಳಿಯ ಉಬ್ಬುಮುಖ ಅಲ್ಲಿ ದೊರೆಯಿತು. ಅಲ್ಲಿನ ಬೆಳ್ಳಿ ಪಾತ್ರೆಗಳ ಮೇಲೆ ಒಡೆಯನ ಹೆಸರು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿದೆ, ತೂಕ ಮಾತ್ರ ಗ್ರೀಕ್ ಮೂಲದ ಸ್ಟೇಟರ್ ಮತ್ತು ದ್ರಖ್ಮಗಳಲ್ಲಿದೆ. ಗ್ರೀಕ್ ಅರಸರ ಆಳ್ವಿಕೆ ಅಲ್ಲಿ ಮುಗಿದ ಮೇಲೂ ಅಕ್ಕಸಾಲಿಗನ ತಕ್ಕಡಿ ಗ್ರೀಕ್ ಲೆಕ್ಕವನ್ನು ಬಿಟ್ಟಿರಲಿಲ್ಲ.

ಮುದ್ರೆಯುಂಗುರ (ಉತ್ತರ):

ತಪ್ಪಿನ ಪರೀಕ್ಷೆಗೆ ಒಂದು ಕಠಿಣ ಉದಾಹರಣೆಯನ್ನು ಸೇರಿಸುತ್ತೇನೆ, ಇದು ಎರಡೂ ಕಡೆಯ ವಾದಕ್ಕೆ ಸಿಗುವುದಿಲ್ಲ. ಅಫ್ಘಾನಿಸ್ತಾನದ ಶಿಬರ್ಗಾನ್ ಬಳಿಯ ತಿಲ್ಯಾ ತೆಪೆಯಲ್ಲಿ ವಿಕ್ಟರ್ ಸರಿಯಾನಿದಿ ಅವರು 1978-79ರಲ್ಲಿ ತೆರೆದ ಆರು ಸಮಾಧಿಗಳಲ್ಲಿ 20,000ಕ್ಕೂ ಹೆಚ್ಚು ಚಿನ್ನದ ತುಣುಕುಗಳು ಸಿಕ್ಕವು. ಅನೇಕವಕ್ಕೆ ಟರ್ಕಾಯ್ಸ್ ಮತ್ತು ಗಾರ್ನೆಟ್ ಕಲ್ಲುಗಳನ್ನು ಕೂರಿಸಲಾಗಿದೆ. ಕ್ರಿ.ಶ. 1ನೆಯ ಶತಮಾನದ ಅಲೆಮಾರಿ ಶ್ರೀಮಂತರ ಸಮಾಧಿಗಳಿವು. ಅಲ್ಲಿನ ಪ್ರೇಮದೇವತೆ ಅಫ್ರೊಡೈಟಿಯ ಆಕೃತಿಗೆ ಗ್ರೀಕರು ಅವಳಿಗೆ ಕೊಡದ ರೆಕ್ಕೆಗಳಿವೆ, ಹಣೆಯಲ್ಲಿ ಭಾರತೀಯ ಬೊಟ್ಟಿದೆ. ಇದನ್ನು ಗ್ರೀಕನ ತಪ್ಪೆನ್ನುವುದೋ, ಸ್ಥಳೀಯನ ತಪ್ಪೆನ್ನುವುದೋ? ಧರಿಸಿದವರಿಗೆ ಅದು ತಪ್ಪೇ ಆಗಿರಲಿಲ್ಲ, ಅವರ ದೇವತೆ ಹಾಗೆಯೇ ಇದ್ದಳು. ಆದ್ದರಿಂದ ತಪ್ಪನ್ನೂ ಬೇಕೆಂದೇ ಮಾಡಿದ ಬದಲಾವಣೆಯನ್ನೂ ಬೇರ್ಪಡಿಸಲು ಒಂದೇ ವಿವರ ಸಾಲದು.

ಅದೇ ನೆಲೆಯ ಎರಡನೆಯ ಸಮಾಧಿಯಲ್ಲಿ ಅಥೇನಾಳನ್ನು ಕೆತ್ತಿದ ಚಿನ್ನದ ಮುದ್ರೆಯುಂಗುರವೊಂದಿದೆ. ದೇವಿಯ ಹೆಸರನ್ನು ಗ್ರೀಕ್ ಅಕ್ಷರಗಳಲ್ಲಿ ತಿರುಗುಮುರುಗಾಗಿ ಕೊರೆಯಲಾಗಿದೆ, ಮಣ್ಣಿನ ಮೇಲೆ ಒತ್ತಿದಾಗ ಮಾತ್ರ ಅದು ನೇರವಾಗಿ ಓದಿಸಿಕೊಳ್ಳುತ್ತದೆ. ಅಲೆಮಾರಿಗಳು ಗ್ರೀಕ್ ಆಳ್ವಿಕೆಯನ್ನು ಕೊನೆಗಾಣಿಸಿ ನೂರು ವರ್ಷಗಳೇ ಕಳೆದಿದ್ದ ಬ್ಯಾಕ್ಟ್ರಿಯಾದಲ್ಲಿ, ಮುದ್ರೆಯ ನಿಯಮ ತಿಳಿದು, ಗ್ರೀಕ್ ಅಕ್ಷರಗಳನ್ನು ಕನ್ನಡಿಯೊಳಗಿನ ಬಿಂಬದಂತೆ ಕೊರೆಯಬಲ್ಲವರ ಕೆಲಸಕ್ಕೆ ಇನ್ನೂ ಬೇಡಿಕೆಯಿತ್ತು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿಯನ್ನು ನಾನು ಕಂಡಿಲ್ಲ.